ಯಾವ ಹೀರೋ ಬಂದಿದ್ದಾನೆ ಅಂತ ಕೇಳಬೇಡಿ

(ಮುಂಬೈನ ಗೋರೆಗಾಂವ್‌ನಲ್ಲಿ ಕನ್ನಡ ಓದುಗರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಂಬೈ ಸಿನಿಮಾ ಬಗ್ಗೆ ಕನ್ನಡದಲ್ಲಿ ಬರೆಯುವುದು ಹೇಗೆ ಅಂತ ಮಾತಾಡಿ ಎಂದಿದ್ದೀರಿ. ಸಭೆ ನಡೆಯುತ್ತಿರುವುದು ಗೋರೆಗಾಂವ್‌ನಲ್ಲಿ. ಹಾಗಾಗಿ ನನ್ನ ಕೆಲಸ ಅರ್ಧ ಮುಗಿದ ಹಾಗೆ. ನಿಮ್ಮಲ್ಲಿ ಬಹಳಷ್ಟು ಜನ ಫಿಲ್ಮ್ ಸಿಟಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವರೇ. ಮುಂದೆ ಜನರೇಟರ್ ವ್ಯಾನು, ಹಿಂದೆ ವ್ಯಾನಿಟಿ ವ್ಯಾನು, ಮಧ್ಯೆ ನಮ್ಮ ರಿಕ್ಷಾ. ಆಗ ರಿಕ್ಷಾದಲ್ಲಿ ಕೂತವರು ಕೇಳುವ ಪ್ರಶ್ನೆ ಒಂದೇ: ಯಾವ ಹೀರೋ ಬಂದಿದ್ದಾನೆ?

ಅದಕ್ಕೆ ಉತ್ತರ ಕೊಡೋಕೆ ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಏರ್‌ಪೋರ್ಟ್ ಬಾಗಿಲಲ್ಲಿ, ಜಿಮ್ ಬಾಗಿಲಲ್ಲಿ ಕ್ಯಾಮೆರಾ ಹಿಡಿದು ಹಗಲೂ ರಾತ್ರಿ ನಿಂತಿರುತ್ತಾರೆ. ಅವರ ಜೊತೆ ಪೈಪೋಟಿಗೆ ಇಳಿದರೆ ನಾವು ಸೋಲುತ್ತೇವೆ. ಸೋತರೆ ನಷ್ಟವೂ ಇಲ್ಲ ಬಿಡಿ. ಮುಂಬೈಯಲ್ಲಿ ಹಿಂದೆ ಬಟ್ಟೆ ಗಿರಣಿ ಹೇಗೆ ಒಂದು ಕಸುಬಾಗಿತ್ತೋ ಸಿನಿಮಾ ಕೂಡ ಹಾಗೇ ಒಂದು ಕಸುಬು. ಅದಕ್ಕೆ ಜಾಗ ಬೇಕು, ಕೂಲಿ ಬೇಕು, ಸಾಲ ಬೇಕು, ಮಾಲು ಸಾಗಿಸಲು ಮಾರುಕಟ್ಟೆ ಬೇಕು. ಇವನ್ನು ನೋಡಿ ಬರೆಯುವವರು ಕಡಿಮೆ. ಕನ್ನಡದಲ್ಲಂತೂ ತೀರಾ ಕಡಿಮೆ. ಈ ಊರಲ್ಲೇ ಇರುವ ನಾವು ಅದನ್ನು ಬರೆಯಬಹುದು. ಇವತ್ತು ನಾನು ಹೇಳೋದು ಇಷ್ಟೇ.

ಜಾಗದಿಂದ ಶುರು ಮಾಡೋಣ. ಫಿಲ್ಮ್ ಸಿಟಿಯನ್ನು 1977ರಲ್ಲಿ ಮಹಾರಾಷ್ಟ್ರ ಸರ್ಕಾರ ಕಟ್ಟಿತು. 500 ಎಕರೆಗೂ ಹೆಚ್ಚು ಜಾಗ. ಒಂದು ಕಡೆ ಆರೇ ಕಾಲೊನಿ, ಇನ್ನೊಂದು ಕಡೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಹಾಗಾಗಿ ಸೆಟ್ಟಿಗೆ ಚಿರತೆ ನುಗ್ಗಿದ ಸುದ್ದಿ ಆಗಾಗ ಬರುತ್ತದೆ. ಒಳಗೆ ಶೂಟಿಂಗ್ ಫ್ಲೋರ್‌ಗಳಿವೆ, ದೇವಸ್ಥಾನ ಇದೆ, ಕೆರೆ ಇದೆ, ಹೆಲಿಪ್ಯಾಡ್ ಇದೆ. ಅದೇ ದೇವಸ್ಥಾನದ ಮೆಟ್ಟಿಲ ಮೇಲೆ ಒಂದು ಧಾರಾವಾಹಿಯ ಸೊಸೆ ಅಳುತ್ತಾಳೆ, ಇನ್ನೊಂದು ಸಿನಿಮಾದ ಹೀರೋ ಮದುವೆ ಆಗುತ್ತಾನೆ. ಮೆಟ್ಟಿಲು ಒಂದೇ, ಬಾಡಿಗೆ ಮಾತ್ರ ಬೇರೆ ಬೇರೆ.

ಆದರೆ ಸರ್ಕಾರದ ಜಾಗ ಉಳಿದಿದೆ, ಖಾಸಗಿ ಸ್ಟುಡಿಯೋಗಳು ಕರಗುತ್ತಿವೆ. ಚೆಂಬೂರಿನ ಆರ್.ಕೆ. ಸ್ಟುಡಿಯೋ, ಅಂದರೆ ರಾಜ್ ಕಪೂರ್ ಕಟ್ಟಿದ್ದು, 1948ರದ್ದು. 2017ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬೆಂಕಿ ಬಿತ್ತು. 2019ರಲ್ಲಿ ಜಾಗ ಗೋದ್ರೆಜ್ ಪ್ರಾಪರ್ಟೀಸ್ ಪಾಲಾಯಿತು. ಪತ್ರಿಕೆಗಳೆಲ್ಲ ಆಗ ನೆನಪುಗಳ ಬಗ್ಗೆ ಬರೆದವು. ತಪ್ಪಿಲ್ಲ. ಆದರೆ ಬೆಂಕಿ ಬೀಳುವುದಕ್ಕೆ ಮುಂಚೆಯೇ ಅಲ್ಲಿ ಬುಕಿಂಗ್ ಇಳಿದಿತ್ತು. ಸಿನಿಮಾದವರು ಅಂಧೇರಿ, ಗೋರೆಗಾಂವ್, ಮಲಾಡ್ ಕಡೆ ನೆಲೆಸಿದ ಮೇಲೆ ಚೆಂಬೂರಿಗೆ ಯಾರು ಹೋಗುತ್ತಾರೆ? ಕಲಾವಿದರು ಎರಡು ಗಂಟೆ ಟ್ರಾಫಿಕ್‌ನಲ್ಲಿ ಕೂತರೆ ಹನ್ನೆರಡು ಗಂಟೆ ಶಿಫ್ಟಿನ ಲೆಕ್ಕವೇ ತಪ್ಪುತ್ತದೆ. ಬೆಂಕಿಯ ಕಥೆಗಿಂತ ಈ ಟ್ರಾಫಿಕ್ ಕಥೆ ನನಗೆ ಜಾಸ್ತಿ ರುಚಿಸುತ್ತದೆ. ನೀವು ದಿನಾ ಅನುಭವಿಸುವ ಕಥೆ ಅದು. ಅದನ್ನು ಬರೆಯೋಕೆ ಯಾರ ಅಪಾಯಿಂಟ್‌ಮೆಂಟೂ ಬೇಕಿಲ್ಲ.

ನಮ್ಮ ಕನ್ನಡ ಸಿನಿಮಾ ಕೂಡ ಇಂಥದ್ದೇ ಜಾಗದ ಕಥೆಯಿಂದ ಶುರುವಾಯಿತು. ಬಿಡುಗಡೆಯಾದ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನ’, 1934ರ ಮಾರ್ಚ್. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ದುಡ್ಡು ಹಾಕಿದವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಚಮನ್‌ಲಾಲ್ ಡುಂಗಾಜಿ. ನಿರ್ದೇಶನ ವೈ.ವಿ. ರಾವ್. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಾಟಕ ಕಂಪನಿಯಿಂದ ಬಂದವರು. ಬೆಂಗಳೂರಿನಲ್ಲಿ ಮಾತಿನ ಚಿತ್ರ ತೆಗೆಯುವ ಸ್ಟುಡಿಯೋ ಆಗ ಇರಲಿಲ್ಲ. ಕೊಲ್ಹಾಪುರದಲ್ಲಿ ಇತ್ತು. 1929ರಲ್ಲಿ ಪ್ರಭಾತ್ ಸಿನಿಮಾ ಕಂಪನಿ ಶುರುವಾದದ್ದು ಅದೇ ಊರಲ್ಲಿ. 1933ರಲ್ಲಿ ಪ್ರಭಾತ್ ಪುಣೆಗೆ ಹೋಯಿತು. ಅದರ ಅಂಗಳದಲ್ಲೇ 1960ರಲ್ಲಿ ಸಿನಿಮಾ ಕಲಿಸುವ ಸರ್ಕಾರಿ ಸಂಸ್ಥೆ, ಇಂದಿನ ಎಫ್‌ಟಿಐಐ ಶುರುವಾಯಿತು. ಮುಂದೆ ಗಿರೀಶ್ ಕಾಸರವಳ್ಳಿ ಅಲ್ಲೇ ಓದಿದರು, ಗಿರೀಶ್ ಕಾರ್ನಾಡರು ಆ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ‘ಸತಿ ಸುಲೋಚನ’ದ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಉಳಿದಿರುವುದು ನೆನಪು, ಒಂದಷ್ಟು ಫೋಟೋ, ಜಾಹೀರಾತು, ಅಷ್ಟೇ. ಆ ಕಾಲದಲ್ಲಿ ಕೊಲ್ಹಾಪುರದಲ್ಲಿ ಯಾರಾದರೂ ಕೂತು ಸೆಟ್ಟಿನ ದಿನಚರಿ ಬರೆದಿಟ್ಟಿದ್ದರೆ! ಊಟ ಏನಿತ್ತು, ಮೈಕ್ ಎಲ್ಲಿ ಅಡಗಿಸಿದ್ದರು, ಕಲಾವಿದರಿಗೆ ಎಷ್ಟು ಕೊಟ್ಟರು ಅಂತ. ಅವತ್ತು ಅದು ಸಣ್ಣ ವಿಷಯ ಅನಿಸಿರಬೇಕು.

ಈಗ ಮಾರುಕಟ್ಟೆ. ಇಲ್ಲಿ ಉತ್ತರ ಕರ್ನಾಟಕದವರು ಎಷ್ಟು ಜನ ಇದ್ದೀರಿ? (ಅರ್ಧ ಸಭೆ ಕೈ ಎತ್ತಿತು.) ನಿಮಗೊಂದು ತಮಾಷೆ ಹೇಳುತ್ತೇನೆ. 1956ರ ನವೆಂಬರ್ 1ಕ್ಕೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಎಲ್ಲವೂ ಮುಂಬೈ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿದವು. ಆದರೆ ಹಿಂದಿ ಸಿನಿಮಾ ವ್ಯಾಪಾರದವರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ! ಅವರ ನಕ್ಷೆಯಲ್ಲಿ ದೇಶ ಸರ್ಕ್ಯೂಟ್‌ಗಳಾಗಿ, ಅಂದರೆ ಸಿನಿಮಾ ಹಂಚುವ ವಲಯಗಳಾಗಿ ಹಂಚಿಹೋಗಿದೆ. ಬಾಂಬೆ ಸರ್ಕ್ಯೂಟ್ ಅಂದರೆ ಮುಂಬೈ, ಗುಜರಾತ್, ಮಹಾರಾಷ್ಟ್ರದ ಒಂದು ಭಾಗ, ಗೋವಾ, ಅದರ ಜೊತೆಗೆ ನಮ್ಮ ಹುಬ್ಬಳ್ಳಿ–ಬೆಳಗಾವಿ. ಕಲಬುರಗಿ, ಬೀದರ್, ರಾಯಚೂರು ನಿಜಾಮ್ ಸರ್ಕ್ಯೂಟ್‌ನಲ್ಲಿವೆ, ಹೈದರಾಬಾದ್ ಮತ್ತು ಮರಾಠವಾಡದ ಜೊತೆ. ಕರ್ನಾಟಕದಲ್ಲಿ ಉಳಿದದ್ದು ಮೈಸೂರು ಸರ್ಕ್ಯೂಟ್. ನಿಜಾಮರು ಹೋದರು, ಬ್ರಿಟಿಷರ ಬಾಂಬೆ ಪ್ರೆಸಿಡೆನ್ಸಿ ಹೋಯಿತು, ವಿತರಕರ ನಕ್ಷೆ ಹಾಗೇ ಉಳಿಯಿತು.

ಇದರಿಂದ ಏನಾಗುತ್ತದೆ? ‘ಮುಂಬೈಯಲ್ಲಿ ಸಿನಿಮಾ ಭರ್ಜರಿ ಓಡಿತು’ ಅಂತ ಟ್ರೇಡ್ ವರದಿ ಬಂದರೆ ಅದರಲ್ಲಿ ಅಹಮದಾಬಾದೂ ಇರುತ್ತದೆ, ಹುಬ್ಬಳ್ಳಿಯೂ ಇರುತ್ತದೆ. ಬರೆಯುವವರು ಇದನ್ನು ಬಿಡಿಸಿ ಹೇಳಬೇಕು. ಈ ಲೆಕ್ಕವೆಲ್ಲ ಹಿಂದೆ ಲ್ಯಾಮಿಂಗ್ಟನ್ ರೋಡಿನ ನಾಜ್ ಬಿಲ್ಡಿಂಗ್‌ನಲ್ಲಿ ಆಗುತ್ತಿತ್ತು. ವಿತರಕರ ಕಚೇರಿಗಳು ಒತ್ತೊತ್ತಾಗಿ ಅಲ್ಲೇ ಇದ್ದವು. ಮೆಟ್ಟಿಲು ಹತ್ತಿದರೆ ಸಾಕು, ಯಾವ ಸಿನಿಮಾ ಎದ್ದಿತು, ಯಾವುದು ಮಲಗಿತು ಅಂತ ಗೊತ್ತಾಗುತ್ತಿತ್ತು ಎಂದು ಹಳಬರು ಹೇಳುತ್ತಾರೆ.

ಕಲೆಕ್ಷನ್ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ಯಾಕೆಂದರೆ ಎಲ್ಲಕ್ಕಿಂತ ಜಾಸ್ತಿ ಸುಳ್ಳು ಓಡಾಡುವುದು ಇಲ್ಲೇ. ಒಂದು ಟಿಕೆಟ್ ತಗೊಳ್ಳಿ. ಎಲ್ಲಾ ಸೇರಿ 250 ರೂಪಾಯಿ ಅಂದುಕೊಳ್ಳಿ. ಇದು ಗ್ರಾಸ್. 100 ರೂಪಾಯಿಗಿಂತ ಹೆಚ್ಚಿನ ಟಿಕೆಟ್‌ಗೆ ಜಿಎಸ್‌ಟಿ ಶೇಕಡಾ 18. ತೆರಿಗೆ 38 ರೂಪಾಯಿ ಹೋಯಿತು. ಉಳಿದದ್ದು ಸುಮಾರು 212. ಇದು ನೆಟ್. ಇದರಲ್ಲಿ ಥಿಯೇಟರ್ ಪಾಲು ಎಷ್ಟು? 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ಗಳಿಗೂ ಇದೇ ವಿಷಯಕ್ಕೆ ಜಗಳ ಬಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ದೊಡ್ಡ ಹಿಂದಿ ಸಿನಿಮಾಗಳು ಮಲ್ಟಿಪ್ಲೆಕ್ಸ್‌ಗೆ ಬರಲೇ ಇಲ್ಲ. ಕೊನೆಗೆ ಒಪ್ಪಂದ ಆಯಿತು. ವಿತರಕರಿಗೆ ಮೊದಲ ವಾರ ನೆಟ್‌ನಲ್ಲಿ ಶೇಕಡಾ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಅಂದರೆ ನಿಮ್ಮ 250 ರೂಪಾಯಿಯಲ್ಲಿ ಮೊದಲ ವಾರ ಸಿನಿಮಾದವರ ಕಡೆ ಬರುವುದು 106 ರೂಪಾಯಿ. ನಾಲ್ಕನೇ ವಾರಕ್ಕೆ ಅದು 64ಕ್ಕೆ ಇಳಿಯುತ್ತದೆ. ಇದಕ್ಕೆ ಶೇರ್ ಅನ್ನುತ್ತಾರೆ. ಅದರಲ್ಲೂ ವಿತರಕರ ಕಮಿಷನ್, ಪ್ರಚಾರದ ಖರ್ಚು ಕಳೆಯಬೇಕು. ಪಾಪ್‌ಕಾರ್ನ್ ದುಡ್ಡಿನಲ್ಲಿ ನಿರ್ಮಾಪಕರಿಗೆ ಒಂದು ಕಾಳೂ ಇಲ್ಲ.

ಈ ಲೆಕ್ಕ ಗೊತ್ತಿದ್ದರೆ ಎರಡು ವಿಷಯ ತಾನಾಗಿ ಹೊಳೆಯುತ್ತದೆ. ಮೊದಲ ವಾರಾಂತ್ಯಕ್ಕೆ ಯಾಕೆ ಅಷ್ಟು ಗಲಾಟೆ ಮಾಡುತ್ತಾರೆ, ಯಾಕೆ ಸಾವಿರಾರು ಸ್ಕ್ರೀನ್‌ಗಳಲ್ಲಿ ಒಮ್ಮೆಗೇ ಸುರಿಯುತ್ತಾರೆ ಅನ್ನುವುದು ಒಂದು. ಆ ವಾರ ಪಾಲು ಜಾಸ್ತಿ, ಅಷ್ಟೇ ಕಾರಣ. ಇನ್ನೊಂದು, ಪೋಸ್ಟರ್ ಮೇಲಿನ ನೂರು ಕೋಟಿ. ಹಿಂದಿ ಟ್ರೇಡ್‌ನವರು ಸಾಮಾನ್ಯವಾಗಿ ದೇಶದೊಳಗಿನ ನೆಟ್ ಹೇಳುತ್ತಾರೆ. ದಕ್ಷಿಣದ ಪೋಸ್ಟರ್‌ಗಳು ಜಗತ್ತಿನ ಒಟ್ಟು ಗ್ರಾಸ್ ಹೇಳುತ್ತವೆ. ದೇಶದಲ್ಲಿ 100 ಕೋಟಿ ಗ್ರಾಸ್ ಅಂದರೆ ನೆಟ್ ಸುಮಾರು 85 ಕೋಟಿ, ಶೇರ್ 40 ಕೋಟಿಯ ಆಸುಪಾಸು. ಹೀಗಿರುವಾಗ ಒಂದು ಹಿಂದಿ ಸಿನಿಮಾದ ನೆಟ್ಟನ್ನೂ ಒಂದು ಕನ್ನಡ ಸಿನಿಮಾದ ಗ್ರಾಸನ್ನೂ ಅಕ್ಕಪಕ್ಕ ಇಟ್ಟು ‘ನಮ್ಮವರು ಅವರನ್ನು ಹಿಂದಿಕ್ಕಿದರು’ ಅಂತ ಬರೆಯುವುದು ಸುಮ್ನೆ ಗದ್ದಲ. ಅಭಿಮಾನ ಇರಲಿ. ಲೆಕ್ಕ ಲೆಕ್ಕವೇ. ಯಾವ ಅಂಕಿ ಅಂತ ಹೇಳದೆ ಕೋಟಿ ಬರೆದ ಸಾಲನ್ನು ನಾನು ಓದುವುದೇ ಇಲ್ಲ.

ಸಾಲದ ಕಥೆ ಇದಕ್ಕಿಂತ ಸ್ವಾರಸ್ಯ. ಸಿನಿಮಾ ಬಿಡುಗಡೆ ಶುಕ್ರವಾರ. ಆದರೆ ಅದರ ಹಣೆಬರಹ ಎಷ್ಟೋ ಸಲ ಗುರುವಾರ ರಾತ್ರಿ ತೀರ್ಮಾನ ಆಗುತ್ತದೆ. ಹಿಂದೆ ಸಿನಿಮಾದ ನೆಗೆಟಿವ್, ಪ್ರಿಂಟ್ ಹಾಕುವ ಲ್ಯಾಬ್‌ನಲ್ಲಿ ಇರುತ್ತಿತ್ತು. ಫೈನಾನ್ಸಿಯರ್ ದುಡ್ಡು ಕೊಡುವಾಗ ಲ್ಯಾಬ್‌ನಿಂದ ಒಂದು ಪತ್ರ ಬರೆಸಿಕೊಳ್ಳುತ್ತಿದ್ದ, ನನ್ನ ಬಾಕಿ ತೀರುವವರೆಗೆ ಪ್ರಿಂಟ್ ಹೊರಗೆ ಬಿಡಬಾರದು ಅಂತ. ಅದಕ್ಕೆ ಲ್ಯಾಬ್ ಲೆಟರ್ ಎಂದೇ ಹೆಸರು. ಈಗ ರೀಲು ಇಲ್ಲ. ಡಿಜಿಟಲ್ ಪ್ರತಿ ಥಿಯೇಟರ್‌ಗೆ ಮೊದಲೇ ಹೋಗಿರುತ್ತದೆ, ಆದರೆ ಬೀಗ ಹಾಕಿಕೊಂಡು. ಅದನ್ನು ತೆಗೆಯುವ ಕೀ ಬೇರೆ ಬರುತ್ತದೆ. ಕೆಡಿಎಂ ಅನ್ನುತ್ತಾರೆ. ಇಂಥ ಥಿಯೇಟರ್, ಇಂಥ ತೆರೆ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಆ ಕೀ ನಡೆಯುತ್ತದೆ. ಬಾಕಿ ತೀರದಿದ್ದರೆ ಕೀ ಹೊರಡುವುದಿಲ್ಲ. ಶುಕ್ರವಾರ ಬೆಳಗಿನ ಶೋ ‘ತಾಂತ್ರಿಕ ಕಾರಣದಿಂದ ರದ್ದು’ ಅಂತ ಬೋರ್ಡ್ ಕಂಡರೆ, ಎಷ್ಟೋ ಸಲ ಆ ತಾಂತ್ರಿಕ ಕಾರಣಕ್ಕೆ ಬಡ್ಡಿ ಅಂತ ಹೆಸರು. ಎಲ್ಲಾ ಸಲವೂ ಹಾಗಲ್ಲ, ಸರ್ವರ್ ನಿಜವಾಗಿಯೂ ಕೈಕೊಡುತ್ತದೆ. ಹಾಗಾಗಿ ಕೇಳದೆ ಬರೆಯಬೇಡಿ. ಥಿಯೇಟರ್ ಮ್ಯಾನೇಜರ್‌ಗೆ ಗೊತ್ತಿರುತ್ತದೆ. ನಮ್ಮವರೇ ಆಗಿದ್ದರೆ ಹೇಳುತ್ತಾರೆ, ಹೆಸರು ಬರೆಯಬೇಡಿ ಅಂತಲೂ ಹೇಳುತ್ತಾರೆ. ಆ ಮಾತು ಉಳಿಸಿಕೊಳ್ಳಿ.

ಸಿನಿಮಾ ಶುರುವಾಗುವ ಮುಂಚೆ ಸೆನ್ಸಾರ್ ಸರ್ಟಿಫಿಕೇಟ್ ತೋರಿಸುತ್ತಾರಲ್ಲ, ಆಗ ಮೊಬೈಲ್ ನೋಡಬೇಡಿ. ಹತ್ತು ಸೆಕೆಂಡಿನಲ್ಲಿ ಎಷ್ಟು ಸುದ್ದಿ ಇದೆ! ಭಾಷೆ, ಅವಧಿ, ಸರ್ಟಿಫಿಕೇಟ್ ಕೊಟ್ಟ ದಿನ, ಅರ್ಜಿ ಹಾಕಿದವರ ಹೆಸರು, ನಿರ್ಮಾಪಕರ ಹೆಸರು. ದಿನಾಂಕ ಒಂದೆರಡು ವರ್ಷ ಹಳೆಯದಾಗಿದ್ದರೆ ಸಿನಿಮಾ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು ಅಂತ ಲೆಕ್ಕ. ಅರ್ಜಿದಾರರು ಬೇರೆ, ನಿರ್ಮಾಪಕರು ಬೇರೆ ಆಗಿದ್ದರೆ ನಡುವೆ ಏನಾಯಿತು ಅಂತ ಕೇಳಬಹುದು. 2024ರಿಂದ ಯುಎ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ದರ್ಜೆ) ಒಳಗೇ 7+, 13+, 16+ ಅಂತ ಮೂರು ಮೆಟ್ಟಿಲು ಬಂದಿವೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ಕನ್ನಡದಲ್ಲಿ ವಿವರಿಸಿದರೂ ಒಂದು ಒಳ್ಳೆ ಬರಹ ಆಗುತ್ತದೆ.

ಇನ್ನು ಕೂಲಿ. ಸೆಟ್ಟಿನಲ್ಲಿ ಹೀರೋ ಒಬ್ಬ, ಉಳಿದವರು ಕೆಲಸದವರು. ಲೈಟ್‌ಮನ್, ಸ್ಪಾಟ್ ದಾದಾ (ಸೆಟ್ಟಿನ ಸಹಾಯಕ), ಸೆಟ್ಟಿಂಗ್‌ನವರು, ಡ್ರೆಸ್‌ನವರು, ಜೂನಿಯರ್ ಆರ್ಟಿಸ್ಟ್‌ಗಳು, ಫೈಟರ್‌ಗಳು. ಇಪ್ಪತ್ತಕ್ಕೂ ಹೆಚ್ಚು ಕಸುಬಿನ ಸಂಘಗಳು ಒಂದು ಒಕ್ಕೂಟದಡಿ ಇವೆ. ಸಂಘದ ಕಾರ್ಡ್ ಇಲ್ಲದಿದ್ದರೆ ಕೆಲಸ ಕಷ್ಟ. ಟಿವಿ ಧಾರಾವಾಹಿಯಲ್ಲಿ ನಟಿಸುವವರಿಗೆ ದುಡ್ಡು ಕೈಗೆ ಬರೋದು ತೊಂಬತ್ತು ದಿನ ಆದ ಮೇಲೆ ಅನ್ನುವುದು ಇಲ್ಲಿ ಮಾಮೂಲು. ದಿನಾ ಸಂಜೆ ತೆರೆ ಮೇಲೆ ಬಂಗಲೆಯಲ್ಲಿ ಓಡಾಡುವ ಅತ್ತೆ, ಮೀರಾ ರೋಡಿನ ಬಾಡಿಗೆ ಮನೆಯಲ್ಲಿ ಮೂರು ತಿಂಗಳ ಹಿಂದಿನ ಕೆಲಸದ ದುಡ್ಡಿಗೆ ಕಾಯುತ್ತಿರಬಹುದು.

2020 ನೆನಪಿಸಿಕೊಳ್ಳಿ. ಮಾರ್ಚ್‌ನಲ್ಲಿ ಶೂಟಿಂಗ್ ನಿಂತಿತು. ಮೇ ಕೊನೆಗೆ ರಾಜ್ಯ ಸರ್ಕಾರ ಷರತ್ತು ಹಾಕಿ ಅನುಮತಿ ಕೊಟ್ಟಿತು. ಅದರಲ್ಲಿ ಒಂದು ಷರತ್ತು: 65 ದಾಟಿದವರು ಸೆಟ್ಟಿಗೆ ಬರುವಂತಿಲ್ಲ. ಆರೋಗ್ಯದ ಕಾಳಜಿ ಅಂತಲೇ ಇಟ್ಟುಕೊಳ್ಳೋಣ. ಆದರೆ ದೊಡ್ಡ ನಟರು ಆರು ತಿಂಗಳು ಮನೆಯಲ್ಲಿ ಕೂರಬಹುದು. ಅಜ್ಜ, ಪೂಜಾರಿ, ವಾಚ್‌ಮನ್ ಪಾತ್ರ ಮಾಡಿ ಬದುಕುವವರು ಏನು ಮಾಡಬೇಕು? ಅಂಥ ಒಬ್ಬ ಸಣ್ಣ ಪಾತ್ರಗಳ ನಟ, ವಯಸ್ಸು 70, ಬಾಂಬೆ ಹೈಕೋರ್ಟಿಗೆ ಹೋದರು. ಬೇರೆ ಅಂಗಡಿ, ಕೆಲಸಗಳಿಗೆ ಇಲ್ಲದ ವಯಸ್ಸಿನ ತಡೆ ನಮಗೆ ಮಾತ್ರ ಯಾಕೆ ಅಂತ ಕೇಳಿದರು. ಆಗಸ್ಟ್ 7ರಂದು ಕೋರ್ಟ್ ಆ ಷರತ್ತನ್ನು ಕಿತ್ತುಹಾಕಿತು. ಆ ವರ್ಷ ಮುಂಬೈ ಸಿನಿಮಾ ಬಗ್ಗೆ ಟಿವಿಯಲ್ಲಿ ಎಷ್ಟು ಕಿರುಚಾಟ ಕೇಳಿದಿರಿ! ಈ ಸುದ್ದಿ ಕೇಳಿದ್ದು ಎಷ್ಟು ಜನ? ನನಗಂತೂ ಆ ವರ್ಷದ ಅತಿ ಮುಖ್ಯ ಸಿನಿಮಾ ಸುದ್ದಿ ಇದೇ.

ಕೆಲಸದವರ ಬಗ್ಗೆ ಬರೆಯಿರಿ ಅಂದರೆ ಬಡತನದ ಬಗ್ಗೆಯೇ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಕೈಚಳಕದ ಬಗ್ಗೆ ಬರೆಯಿರಿ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಅವರನ್ನೇ ನೋಡಿ. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು ಮುಂಬೈಗೆ ಬಂದರು. ನಿರ್ದೇಶಕ ಗುರುದತ್ ಜೊತೆ ಸೇರಿದರು. ‘ಕಾಗಜ್ ಕೆ ಫೂಲ್’, 1959, ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ತೆರೆಯ) ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಇದೆ. ನೋಡಿದವರು ಮರೆತಿರಲಾರರು. ಸ್ಟುಡಿಯೋ ಲೈಟುಗಳಲ್ಲಿ ಅಂಥ ಬೆಳಕು ಬರುವುದಿಲ್ಲ, ಹರಡಿಬಿಡುತ್ತದೆ. ಮೂರ್ತಿಯವರು ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಲ್ಲಿ ಹಿಡಿದು ಒಳಗೆ ತಿರುಗಿಸಿದರು. ಬಿಸಿಲು ಸರಿದಂತೆ ಕನ್ನಡಿಯೂ ಸರಿಯಬೇಕು. ಅದನ್ನು ಹಿಡಿದವರು ಯಾರೋ ಲೈಟ್‌ಬಾಯ್‌ಗಳು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕನ್ನಡಿ ಹಿಡಿದವರ ಹೆಸರು ನಮಗೆ ಗೊತ್ತಿಲ್ಲ. ಈಗಿನ ಸೆಟ್ಟುಗಳಲ್ಲಿ ಅಂಥ ಕೆಲಸ ಮಾಡುವವರು ನಿಮ್ಮ ಬಿಲ್ಡಿಂಗ್‌ನಲ್ಲೇ ಇರಬಹುದು. ಒಂದು ಭಾನುವಾರ ಚಹಾಕ್ಕೆ ಕರೆಯಿರಿ. ‘ಯಾರ ಜೊತೆ ಕೆಲಸ ಮಾಡಿದಿರಿ’ ಅಂತ ಕೇಳಬೇಡಿ. ‘ಮಳೆ ಹೇಗೆ ತರಿಸುತ್ತೀರಿ’ ಅಂತ ಕೇಳಿ. ಎರಡು ಗಂಟೆ ಮಾತಾಡುತ್ತಾರೆ.

ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಹಿರಿಯರು ಎದ್ದು, “ನೀವು ಹೇಳೋದೆಲ್ಲ ಸರಿ ಸರ್. ಆದ್ರೆ ಇದನ್ನೆಲ್ಲ ಯಾರು ಓದ್ತಾರೆ? ಜನಕ್ಕೆ ಗಾಸಿಪ್ಪೇ ಬೇಕು ಅಲ್ವಾ?” ಎಂದರು.

ಗಾಸಿಪ್ ಓದುವವರು ಓದಲಿ. ನಾನು ಬೇರೆ ಓದುಗರನ್ನು ನೆನೆಯುತ್ತೇನೆ. ಗದಗದಿಂದಲೋ ಕುಂದಾಪುರದಿಂದಲೋ ಒಬ್ಬ ಹುಡುಗಿ ನಟಿಯಾಗಬೇಕು ಅಂತ ಇಲ್ಲಿಗೆ ಬರುತ್ತಾಳೆ. ವರ್ಸೋವಾದ ಆರಾಮ್ ನಗರದಲ್ಲಿ ಸಾಲಾಗಿ ಕಾಸ್ಟಿಂಗ್ ಕಚೇರಿಗಳಿವೆ, ಅಲ್ಲಿ ದಿನಾ ಆಡಿಷನ್ ನಡೆಯುತ್ತದೆ ಅಂತ ಅವಳಿಗೆ ಯಾರು ಹೇಳುತ್ತಾರೆ? ಆಡಿಷನ್‌ಗೆ ಸರಿಯಾದ ಯಾವ ಕಾಸ್ಟಿಂಗ್‌ನವರೂ ದುಡ್ಡು ಕೇಳುವುದಿಲ್ಲ, ಕೇಳಿದರೆ ಅಲ್ಲಿಂದ ಎದ್ದು ಬಾ ಅಂತ ಕನ್ನಡದಲ್ಲಿ ಯಾರು ಬರೆದಿದ್ದಾರೆ? ಅವಳು ಊರಲ್ಲಿರುವಾಗಲೇ ಅದನ್ನು ಓದಿರಬೇಕು. ಅವಳ ಅಪ್ಪ ಅಮ್ಮನೂ ಓದಿರಬೇಕು. ಇಂಥ ಓದುಗರು ಲೈಕ್ ಒತ್ತುವುದಿಲ್ಲ, ಫೋನ್ ಮಾಡುತ್ತಾರೆ.

ಇನ್ನೊಬ್ಬ ಯುವಕ ಕೇಳಿದ್ದು: “ಕನ್ನಡ ಸಿನಿಮಾ ಮುಂಬೈಯಲ್ಲಿ ಎರಡನೇ ವಾರ ಯಾಕೆ ಉಳಿಯಲ್ಲ? ಮಲ್ಟಿಪ್ಲೆಕ್ಸ್‌ನವರಿಗೆ ನಮ್ಮ ಮೇಲೆ ದ್ವೇಷಾನಾ?”

ದ್ವೇಷಕ್ಕೆ ಅವರಿಗೆ ಪುರುಸೊತ್ತಿಲ್ಲ. ಮರಾಠಿ ಸಿನಿಮಾಕ್ಕೇ ಇಲ್ಲಿ ಜಾಗ ಸಿಗದೆ, 2015ರಲ್ಲಿ ಸರ್ಕಾರ ಮಧ್ಯೆ ಬರಬೇಕಾಯಿತು. ಮೊದಲು ಸಂಜೆ 6ರಿಂದ 9ರ ಪ್ರೈಮ್ ಟೈಮ್ ಕೊಡಿ ಎಂದರು. ಗಲಾಟೆ ಆಗಿ, ಮಧ್ಯಾಹ್ನ 12ರಿಂದ ರಾತ್ರಿ 9ರ ಒಳಗೆ ಅಂತ ರಾಜಿ ಆಯಿತು. ತವರಿನ ಭಾಷೆಗೇ ಹೀಗಾದರೆ ನಮಗೆ ಸಿಗುವುದು ಬೆರಳೆಣಿಕೆ ಶೋ. ಅದು ಉಳಿಯುವುದೂ ಹೋಗುವುದೂ ಮೊದಲ ಮೂರು ದಿನ ಸೀಟು ಎಷ್ಟು ತುಂಬಿತು ಅನ್ನುವುದರ ಮೇಲೆ. ಮುಂದಿನ ಶುಕ್ರವಾರದ ಶೋ ಪಟ್ಟಿ ವಾರದ ಮೊದಲಲ್ಲೇ ಸಿದ್ಧವಾಗುತ್ತದೆ. ನಮ್ಮವರು ಏನು ಮಾಡುತ್ತಾರೆ? ವಿಮರ್ಶೆ ಬರಲಿ, ಭಾವ ಊರಿಂದ ಬರಲಿ, ಮುಂದಿನ ಭಾನುವಾರ ಎಲ್ಲರೂ ಸೇರಿ ಹೋಗೋಣ ಅನ್ನುತ್ತಾರೆ. ಅಷ್ಟರಲ್ಲಿ ಪಟ್ಟಿಯಲ್ಲಿ ಸಿನಿಮಾ ಇರುವುದಿಲ್ಲ. ಸಂಘದವರು ನೂರು ಜನ ಸೇರುವುದಾದರೆ ಬಿಡುಗಡೆಗೆ ಮುಂಚೆಯೇ ಥಿಯೇಟರ್‌ನವರ ಜೊತೆ ಮಾತಾಡಿ. ಒಂದು ಶೋ ಪೂರ್ತಿ ಬುಕ್ ಮಾಡುತ್ತೇವೆ ಅಂದರೆ ಬಹಳ ಕಡೆ ಒಪ್ಪುತ್ತಾರೆ, ಹೊತ್ತನ್ನೂ ನೀವೇ ಕೇಳಿ ಪಡೆಯಬಹುದು. ಮೊದಲ ಶನಿವಾರವೇ ಇಟ್ಟುಕೊಳ್ಳಿ.